ಸಂಜೆ ಬಿಸಿಲಿನಲ್ಲಿ ಕಟ್ಟಿದ ಬೆಲೆ

ಮೆಟ್ಟಿಲ ಮೇಲಿನ ಚಪ್ಪಲಿಯ ಸದ್ದಿನಲ್ಲೇ ಒರತೈಗೆ ಗೊತ್ತಾಯಿತು, ಬರುತ್ತಿರುವವನು ಪಕಿನ್. ಎಡಗಾಲನ್ನು ತುಸು ಎಳೆದು ಇಡುವ ನಡಿಗೆ. ಮೂರು ವರ್ಷದಲ್ಲಿ ಏನೇನೋ ಮರೆತಿದ್ದಳು, ಈ ಸದ್ದನ್ನು ಮಾತ್ರ ಮರೆಯಲಾಗಿರಲಿಲ್ಲ. ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡಳು. ಯಾಕೆ ಸರಿಸಿಕೊಂಡೆ ಎಂದು ತನ್ನ ಮೇಲೆಯೇ ಸಿಟ್ಟಾಗಿ ಮತ್ತೆ ಮುಂದಕ್ಕೆ ಕೆದರಿಕೊಂಡಳು.

"ಬಂತಪ್ಪ ಸವಾರಿ," ಎಂದಳು ಬುನ್ಮಾ ಅಕ್ಕ. ಡಬ್ಬಿಗಳಿಗೆ ಹತ್ತಿ ತುಂಬುವುದು, ಟೇಪು ಸುತ್ತುವುದು ಅವಳ ಕೆಲಸ. ಊರಿಗೆಲ್ಲ ಬುದ್ಧಿ ಹೇಳುವುದೂ ಅವಳದೇ.

"ಯಾರು?"

"ಮುಖ ಹುಣಸೆಹಣ್ಣಿನ ಥರ ಮಾಡ್ಕೊಂಡು ಯಾರು ಅಂತ ಬೇರೆ ಕೇಳ್ತಾಳೆ."

ಚಾಂತಬುರಿ ಊರಿನಲ್ಲಿ ಹರಳು ಮಾರುವವರ ಕಲ್ಲಿನ ಬೀದಿಯಲ್ಲಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿನ ಮಹಡಿ ಒರತೈಯ ಅಂಗಡಿ. ಆನ್‌ಲೈನಿನಲ್ಲಿ ಕಲ್ಲು ಮಾರುವವರೆಲ್ಲ ವಿದೇಶಕ್ಕೆ ಹೋಗಬೇಕಾದ ಮಾಲನ್ನು ಇಲ್ಲಿಗೆ ತರುತ್ತಿದ್ದರು. ಅವಳು ಪ್ಯಾಕ್ ಮಾಡುತ್ತಿದ್ದಳು, ವಿಮೆ ಮಾಡಿಸುತ್ತಿದ್ದಳು, ಕಳಿಸುತ್ತಿದ್ದಳು. ಕಳಿಸುವವರು ಊರಲ್ಲಿ ಬೇಕಾದಷ್ಟು ಜನರಿದ್ದರು. ದೊಡ್ಡ ಕಲ್ಲಿಗೆ ವಿಮೆ ಮಾಡಿಸಿಕೊಡುವವಳು ಅವಳೊಬ್ಬಳೇ. ಬ್ಯಾಂಕಾಕಿನ ಒಂದು ವಿಮಾ ಕಂಪನಿಯಲ್ಲಿ ಹೊಗೆ ಕುಡಿಯುತ್ತಾ ಎರಡು ವರ್ಷ ದುಡಿದು, ಆ ಅಧಿಕಾರ ಸಂಪಾದಿಸಿಕೊಂಡು ಬಂದಿದ್ದಳು. ಬೇರೆ ಯಾವ ಊರಲ್ಲಾದರೂ ಅಂಗಡಿ ಇಡಬಹುದಿತ್ತು. ಒಂದಲ್ಲ ಒಂದು ದಿನ ಪಕಿನ್ ಈ ಮೆಟ್ಟಿಲು ಹತ್ತಲೇಬೇಕು ಎಂದು ಇಲ್ಲೇ ಇಟ್ಟಿದ್ದಳು.

"ಬರಬಹುದಾ?" ಎಂದ ಅವನು ಹೊಸ್ತಿಲಲ್ಲಿ ನಿಂತು. ಸ್ವಲ್ಪ ತೆಳ್ಳಗಾಗಿದ್ದ. ಕನ್ನಡಕ ಬಂದಿತ್ತು. ಅದು ಒಪ್ಪುತ್ತಿತ್ತು ಬೇರೆ, ಕರ್ಮ.

"ಗಿರಾಕಿಗಳಿಗೆ ಅಂತಲೇ ಬಾಗಿಲು ತೆರೆದಿರೋದು ಖುನ್ ಪಕಿನ್. ಬನ್ನಿ."

ಮುಂಚೆ ಅವನನ್ನು 'ಪೀ' ಎನ್ನುತ್ತಿದ್ದಳು, ಮನೆಯವರನ್ನು, ಮನಸ್ಸಿನವರನ್ನು ಕರೆಯುವ ಹಾಗೆ. ಈಗ ಬ್ಯಾಂಕಿನ ಮ್ಯಾನೇಜರನ್ನು ಕರೆಯುವ ಹಾಗೆ 'ಖುನ್'. ಅವನ ಮುಖದ ಮೇಲೆ ಅದು ಬಿದ್ದ ಜಾಗವನ್ನು ಅವಳು ಕಣ್ತುಂಬ ನೋಡಿಕೊಂಡಳು.

"ತೈ..."

"ಒರತೈ."

"ಒರತೈ. ಒಂದು ಪಾರ್ಸಲ್ ಇತ್ತು. ಬೆಲ್ಜಿಯಂಗೆ. ಒಬ್ಬರು ಲೈವ್‌ನಲ್ಲಿ ನೋಡಿ ತಗೊಂಡ್ರು."

"ಏನು ಮಾಲು?"

"ಪುಷ್ಯರಾಗ. ಅಪ್ಪನದು."

ಅವಳಿಗೆ ಆ ಕಲ್ಲು ಗೊತ್ತಿತ್ತು. ಬೀದಿಗೆಲ್ಲ ಗೊತ್ತಿತ್ತು. ಅವನ ಅಪ್ಪ ಸಾಯುವವರೆಗೂ ಮಾರದೆ ಇಟ್ಟುಕೊಂಡಿದ್ದ ಕಲ್ಲು.

"ಅದನ್ನೂ ಮಾರೋಕೆ ಕೂತ್ರಾ?"

"ಇದು ಹೋದರೆ ಅಂಗಡಿ ಉಳಿಯುತ್ತೆ. ಇಲ್ಲದಿದ್ದರೆ ಅಮ್ಮ ಬಾಗಿಲು ಹಾಕ್ತೀನಿ ಅಂದ್ರು." ಅವನು ನಕ್ಕ, ನಗು ತುಟಿಯಾಚೆ ದಾಟಲಿಲ್ಲ. "ಬೇರೆ ಕಡೆ ಕೇಳಿದೆ. ಕಳಿಸ್ತೀವಿ, ಕಳೆದರೆ ನಿಮ್ಮ ಹಣೆಬರಹ ಅಂದ್ರು. ಇನ್ಶೂರೆನ್ಸ್ ಬೇಕು ಅಂದ್ರೆ ನೀನೇ ಅಂತೆ."

"ಅಂತೆ ಏನು ಬಂತು. ನಾನೇ."

ಬುನ್ಮಾ ಅಕ್ಕ ಕೆಮ್ಮಿದಳು.

*

ಮೂರು ವರ್ಷದ ಹಿಂದೆ ಒರತೈ ಕಲ್ಲಿನ ದಲ್ಲಾಳಿ. ಶನಿವಾರ ಭಾನುವಾರ ಸಂತೆ. ಕೊಳ್ಳುವವರು ಮೇಜು ಹಾಕಿಕೊಂಡು ಕೂರುತ್ತಾರೆ, ದಲ್ಲಾಳಿಗಳು ಕಾಗದದ ಪೊಟ್ಟಣದಲ್ಲಿ ಕಲ್ಲು ಹಿಡಿದು ಮೇಜಿನಿಂದ ಮೇಜಿಗೆ ನಡೆಯುತ್ತಾರೆ. ಕಲ್ಲು ಹಿಡಿಸಿದವನು ಅದನ್ನು ಪೊಟ್ಟಣದಲ್ಲಿಟ್ಟು, ಸುತ್ತಲೂ ಟೇಪು ಹಚ್ಚಿ, ಅದರ ಮೇಲೆ ತನ್ನ ಬೆಲೆ ಬರೆದು ರುಜು ಹಾಕುತ್ತಾನೆ. ಇದೇ ಸೀಲು. ಮಾಲೀಕ ಹೂಂ ಅಥವಾ ಊಹೂಂ ಎನ್ನುವವರೆಗೆ ಆ ಪೊಟ್ಟಣವನ್ನು ಯಾರೂ ಬಿಚ್ಚುವಂತಿಲ್ಲ. ಸೀಲು ಒಡೆದ ದಲ್ಲಾಳಿಗೆ ಆ ಬೀದಿಯಲ್ಲಿ ಮತ್ತೆ ಯಾರೂ ಕಲ್ಲು ಕೊಡುವುದಿಲ್ಲ.

ಅವಳು ಪ್ರತಿ ಶನಿವಾರ ಪಕಿನ್‌ನ ಮೇಜಿಗೆ ಕಡೆಯಲ್ಲಿ ಹೋಗುತ್ತಿದ್ದಳು. ಕಡೆಯಲ್ಲಿ ಹೋದರೆ ಬೇಗ ಎದ್ದು ಇನ್ನೊಂದು ಮೇಜಿಗೆ ಹೋಗಬೇಕಾಗಿರಲಿಲ್ಲ. ಅವನು ಅವಳಿಗೆಂದು ಒಂದು ಲೋಟ ಲಾಂಗನ್ ಹಣ್ಣಿನ ರಸವನ್ನು ಐಸ್ ಕರಗುವವರೆಗೆ ಕಾದಿಟ್ಟಿರುತ್ತಿದ್ದ. ಚಿಮಟದಲ್ಲಿ ಕಲ್ಲು ಹಿಡಿದು ಅವಳು ತೋರಿಸುವಾಗ ಅವನ ಬೆರಳು ಅವಳ ಬೆರಳಿಗೆ ತಾಗುತ್ತಿತ್ತು. ತಾಗದಿದ್ದ ದಿನ ಇಬ್ಬರೂ ಮತ್ತೊಮ್ಮೆ ಕಲ್ಲನ್ನು ನೋಡುತ್ತಿದ್ದರು.

ಅಂಥದೊಂದು ಶನಿವಾರ ಅವನು ಒಂದು ಪುಷ್ಯರಾಗಕ್ಕೆ ಒಳ್ಳೆಯ ಬೆಲೆ ಬರೆದು ಸೀಲು ಹಾಕಿದ. ಮಾಲೀಕ ಗಡಿಯಾಚೆ ಪೈಲಿನ್‌ನವನು, ಒಪ್ಪಿದ. ಭಾನುವಾರ ಬೆಳಿಗ್ಗೆ ಪಕಿನ್‌ನ ಅಮ್ಮ ಎಲ್ಲರೆದುರು ಟೇಪು ಕತ್ತರಿಸಿ, ಕಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದು ಬೇರೆ ಕಲ್ಲು. ನನ್ನ ಮಗ ಈ ಕಸಕ್ಕೆ ಆ ಬೆಲೆ ಬರೀತಾನಾ?" ಎಂದರು. ಮಾಲೀಕ ತನ್ನದೇ ಕಲ್ಲು ಎಂದ. ಮಾಲೀಕನೂ ಒರತೈಯೂ ಸೇರಿಯೇ ಬದಲಾಯಿಸಿದ್ದಾರೆ ಎಂದರು ಜನ. ಸಂತೆಯ ಹಿರಿಯರು ಪಕಿನ್‌ನನ್ನು ಕೇಳಿದರು: "ನೀನು ನೋಡಿದ ಕಲ್ಲು ಇದೇನಾ?"

ಒರತೈ ಅವನನ್ನೇ ನೋಡುತ್ತಿದ್ದಳು. ಅವನು ಮೇಜನ್ನು ನೋಡುತ್ತಿದ್ದ.

"ನಂಗೆ ಗೊತ್ತಿಲ್ಲ," ಎಂದ.

ಅಷ್ಟೇ. ಕಳ್ಳಿ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು. ಗೊತ್ತಿಲ್ಲ ಎಂದವನ ಜೊತೆ ಏನು ಜಗಳ? ಮುಂದಿನ ಶನಿವಾರ ಅವಳ ಕೈಗೆ ಒಂದು ಹರಳೂ ಬರಲಿಲ್ಲ. ಕೊಳ್ಳಲು ಇಷ್ಟವಿಲ್ಲದೆ ಅವನ ಅಮ್ಮನೇ ಬೇಕೆಂದು ಸುಳ್ಳು ಹೇಳಿರಬೇಕು, ಮಗ ಅಮ್ಮನ ಮಾನ ಉಳಿಸಲು ತನ್ನನ್ನು ಬಲಿಕೊಟ್ಟ ಎಂದು ಅವಳು ಲೆಕ್ಕ ಹಾಕಿಕೊಂಡಳು. ಆ ಲೆಕ್ಕವನ್ನು ಮೂರು ವರ್ಷ ಒಲೆಯ ಮೇಲಿಟ್ಟು ಕುದಿಸಿದ್ದಳು.

*

"ಎರಡು ಪೆಟ್ಟಿಗೆ, ಒಂದರೊಳಗೊಂದು," ಎಂದಳು ಈಗ, ಎಲ್ಲ ಗಿರಾಕಿಗಳಿಗೂ ಹೇಳುವ ದನಿಯಲ್ಲಿ. "ಹೊರಗಡೆ ನಿಮ್ಮ ಅಂಗಡಿ ಹೆಸರಿರೋ ಹಾಗಿಲ್ಲ. ರತ್ನ, ಹರಳು, ಒಡವೆ ಅನ್ನೋ ಮಾತೇ ಇರಬಾರದು. ಬೆಲೆ ನಿಜವಾದದ್ದನ್ನೇ ಹೇಳಬೇಕು. ಸುಂಕ ಉಳಿಸೋಕೆ ಕಮ್ಮಿ ಹೇಳಿದ್ರೆ, ಕಳೆದಾಗ ಸಿಗೋದೂ ಕಮ್ಮಿನೇ. ತಗೊಳ್ಳೋರು ತಾವೇ ಸಹಿ ಹಾಕಿ ತಗೋಬೇಕು."

ಇನ್ನೊಂದು ನಿಯಮವಿತ್ತು. ಪೆಟ್ಟಿಗೆಯೊಳಗೆ ಏನಿದೆ, ಯಾವತ್ತು ಹೊರಡುತ್ತದೆ ಎಂಬುದು ಹೊರಗಿನವರಿಗೆ ಗೊತ್ತಾಗಬಾರದು. ಕಳಿಸುವವನೇ ಬಾಯಿಬಿಟ್ಟರೆ ವಿಮೆ ಬಿದ್ದುಹೋಗುತ್ತದೆ. ಇದನ್ನು ಅವಳು ಎಲ್ಲರಿಗೂ ಬೆರಳೆತ್ತಿ ಹೇಳುತ್ತಿದ್ದಳು. ಆನ್‌ಲೈನಿನವರಿಗೆ ತೋರಿಸಿಕೊಳ್ಳುವುದೇ ಕಸುಬು, ಹೇಳದಿದ್ದರೆ ಕೆಟ್ಟರು. ಬೆರಳು ಎತ್ತುವಷ್ಟರಲ್ಲಿ ಪಕಿನ್ ಎಂದ:

"ಒಂದು ವಿಷಯ. ಪ್ಯಾಕ್ ಮಾಡೋದನ್ನ ಲೈವ್ ತೋರಿಸ್ತೀನಿ ಅಂತ ಮಾತು ಕೊಟ್ಟಿದೀನಿ. ನೋಡೋರಿಗೆ ನಂಬಿಕೆ ಬರುತ್ತೆ. ಇಲ್ಲೇ ಮಾಡಬಹುದಾ?"

ಒರತೈಯ ಬೆರಳು ಮೇಜಿನ ಮೇಲೇ ಉಳಿಯಿತು.

"ಓಹೋ. ಧಾರಾಳವಾಗಿ."

ಬುನ್ಮಾ ಅಕ್ಕನ ಕೈಯಲ್ಲಿದ್ದ ಹತ್ತಿ ಅಲ್ಲೇ ನಿಂತಿತು. ಒರತೈ ಅತ್ತ ನೋಡಲಿಲ್ಲ. ಷರತ್ತಿನ ಹಾಳೆಯನ್ನು ಅವನ ಮುಂದೆ ತಳ್ಳಿದಳು. ಅವನು ಓದದೆ ಸಹಿ ಹಾಕಿದ. ಓದುವವನಲ್ಲ ಎಂದು ಅವಳಿಗೆ ಗೊತ್ತೇ ಇತ್ತು.

ಅವನು ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಕಿಟಕಿಯ ಬೆಳಕಿಗೆ ತಿರುಗಿಸಿ, ಅಂಗಿಯ ಕಾಲರ್ ಸರಿಮಾಡಿಕೊಂಡ. ಲೈವ್ ಶುರುವಾದದ್ದೇ ಬೇರೆ ಮನುಷ್ಯನಾದ. ದನಿಯಲ್ಲಿ ಜೇನು, ಕೈಯಲ್ಲಿ ನಾಟಕ. "ಅಕ್ಕಂದಿರೇ, ಅಣ್ಣಂದಿರೇ, ಇವತ್ತು ನಮ್ಮ ಮನೆ ಮಗಳು ಗಂಡನ ಮನೆಗೆ ಹೊರಟಿದಾಳೆ. ನೋಡಿ, ಕಡೇ ಸಲ ಮುಖ ನೋಡಿ." ಪೊಟ್ಟಣ ಬಿಚ್ಚಿದ. ಜೇನಿಗೂ ನಿಂಬೆಗೂ ನಡುವಿನ ಹಳದಿಯ ಕಲ್ಲು, ಬೆಳಗಿನ ಬೆಳಕಿನಲ್ಲಿ ಕಣ್ಣು ಬಿಟ್ಟಿತು.

"ಒಂದು ಕೈ ಬೇಕಿತ್ತು," ಎಂದ ಮೆಲ್ಲಗೆ, ಕ್ಯಾಮೆರಾದಿಂದ ಮುಖ ತಿರುಗಿಸಿ. "ಚಿಮಟ ಹಿಡಿಯೋಕೆ. ನನ್ನ ಕೈ ನಡುಗುತ್ತೆ ಇದನ್ನ ಹಿಡಿದರೆ."

"ಬುನ್ಮಾ ಅಕ್ಕ ಹಿಡೀತಾರೆ."

"ನಂಗೆ ಕಣ್ಣು ಕಾಣಲ್ಲಮ್ಮ," ಎಂದಳು ಬುನ್ಮಾ ಅಕ್ಕ, ಸೂಜಿಗೆ ದಾರ ಪೋಣಿಸುತ್ತಾ.

ಮೂರು ವರ್ಷದಿಂದ ಒರತೈ ಕಲ್ಲು ಮುಟ್ಟಿರಲಿಲ್ಲ, ಮುಚ್ಚಿದ ಡಬ್ಬಿಗಳನ್ನು ಮಾತ್ರ ಮುಟ್ಟಿದ್ದಳು. ಚಿಮಟ ತೆಗೆದುಕೊಂಡಳು. ಕಲ್ಲು ತಾನಾಗಿ ತುದಿಯಲ್ಲಿ ಕೂತಿತು. ಪರದೆಯ ಮೇಲೆ ಅವಳ ಕೈ ಮಾತ್ರ ಕಾಣುತ್ತಿತ್ತು.

"ಯಾರ ಕೈ ಅಂತ ಕೇಳ್ತಿದಾರೆ," ಎಂದು ಅವನು ಕಾಮೆಂಟ್ ಓದಿದ. "ಉಂಗುರ ಇಲ್ಲವಲ್ಲ ಅಂತಿದಾರೆ."

"ಕಲ್ಲು ನೋಡೋಕೆ ಹೇಳಿ."

"ಕಲ್ಲು ನೋಡ್ಬೇಕಂತೆ." ಅವನು ಕಲ್ಲು ನೋಡುತ್ತಿರಲಿಲ್ಲ. ಒರತೈಯ ಮಣಿಕಟ್ಟು ಬಿಸಿಯಾಯಿತು. ಇಷ್ಟಕ್ಕೇ ಕರಗುವ ಹಾಳು ಮೈ ಎಂದು ಒಳಗೇ ಬೈದುಕೊಂಡಳು. ನಿಲ್ಲಿಸು, ಲೈವ್ ನಿಲ್ಲಿಸು, ವಿಮೆ ಬಿದ್ದುಹೋಗುತ್ತೆ ಎಂಬ ಮಾತು ಗಂಟಲವರೆಗೆ ಬಂದೇಬಿಟ್ಟಿತ್ತು.

ಆಗ ಅವನು ಇನ್ನೊಂದು ಪ್ರಶ್ನೆ ಓದಿದ. "ಯಾವಾಗಲೂ ಬೆಳಿಗ್ಗೆನೇ ಯಾಕೆ ಲೈವ್, ಸಂಜೆ ಯಾಕೆ ಬರಲ್ಲ ಅಂತ ಕೇಳ್ತಿದಾರೆ. ಅಣ್ಣಾ, ಸಂಜೆ ಬಿಸಿಲು ಹಳದಿ. ಆ ಬಿಸಿಲಲ್ಲಿ ಪುಷ್ಯರಾಗ ನೋಡಬಾರದು, ಕಸಾನೂ ಬಂಗಾರದ ಹಾಗೆ ಕಾಣುತ್ತೆ. ಒಂದು ಸಲ ಹಂಗೆ ನೋಡಿ ಬೆಲೆ ಕಟ್ಟಿಬಿಟ್ಟೆ. ಬೆಳಿಗ್ಗೆ ನೋಡಿದರೆ ಅದೇ ಕಲ್ಲು, ಆದರೆ ಬೇರೇನೇ. ಆವತ್ತಿಂದ ಬುದ್ಧಿ ಬಂತು."

ನಗುವಿನ ಚಿತ್ರಗಳು ಪರದೆಯ ಮೇಲೆ ತೇಲಿಹೋದವು. ಚಿಮಟದ ತುದಿ ಅಲುಗಲಿಲ್ಲ. ಆದರೆ ಒರತೈಯ ಒಳಗೆ ಮೂರು ವರ್ಷದ ಲೆಕ್ಕವೆಲ್ಲ ಒಂದೇ ಏಟಿಗೆ ಉಲ್ಟಾ ಆಯಿತು.

ಅವನ ಅಮ್ಮನ ಆಟವೇನೂ ಇರಲಿಲ್ಲ. ಅವನು ಸಂಜೆ ನೋಡಿದ್ದ, ಕೆಟ್ಟದಾಗಿ ನೋಡಿದ್ದ. ಹಾಗೆಂದು ಹೇಳಲು ನಾಚಿಕೊಂಡು, ಗೊತ್ತಿಲ್ಲ ಎಂದಿದ್ದ. ಇಷ್ಟೇ. ದೊಡ್ಡ ಕಾರಣವೇನಾದರೂ ಇದ್ದಿದ್ದರೆ ಸಹಿಸಬಹುದಿತ್ತು. ಇಷ್ಟು ಸಣ್ಣದಕ್ಕೆ ಅವಳ ಹೆಸರು ಬೀದಿಪಾಲಾಗಿತ್ತು.

"ಯಾವತ್ತು ಹೊರಡುತ್ತೆ ಅಂತಾನೂ ಕೇಳ್ತಿದಾರೆ ಅನ್ಸುತ್ತೆ," ಎಂದಳು ಮೃದುವಾಗಿ. "ಹೇಳಿ ಅವರಿಗೆ."

"ಇವತ್ತೇ ಮಧ್ಯಾಹ್ನದ ವ್ಯಾನಿಗೆ," ಎಂದು ಅವನು ಲೋಕಕ್ಕೆಲ್ಲ ಸಾರಿದ.

*

ಊಟದ ಹೊತ್ತಿಗೆ ಅವನು ಕೆಳಗೆ ಹೋಗಿ ಏಡಿ ಹಾಕಿದ ನೂಡಲ್ಸ್ ತಂದ, ಮೂರು ಪೊಟ್ಟಣ. ಅವಳದರಲ್ಲಿ ಮೊಳಕೆಕಾಳು ಇರಲಿಲ್ಲ. ಅವಳಿಗೆ ಆಗುವುದಿಲ್ಲ ಎಂಬುದು ಅವನಿಗೆ ನೆನಪಿತ್ತು. ಆ ನೆನಪು ಅವಳಿಗೆ ಇನ್ನೂ ಕೋಪ ತರಿಸಿತು.

ಪೆಟ್ಟಿಗೆ ಟೇಪು ಸುತ್ತಿಸಿಕೊಂಡು ಕಪಾಟಿನಲ್ಲಿ ಸಾಧುವಿನಂತೆ ಕೂತಿತ್ತು. ಬುನ್ಮಾ ಅಕ್ಕ ತನ್ನ ನೂಡಲ್ಸ್ ಎತ್ತಿಕೊಂಡು ಮೆಟ್ಟಿಲ ಮೇಲೆ ಹೋಗಿ ಕೂತಳು.

"ಆ ಕಲ್ಲು ಯಾವುದು?" ಎಂದು ಕೇಳಿದಳು ಒರತೈ.

"ಯಾವ ಕಲ್ಲು?"

"ಸಂಜೆ ನೋಡಿ ಬೆಲೆ ಕಟ್ಟಿದ್ದು. ಲೈವ್‌ನಲ್ಲಿ ಹೇಳಿದ್ರಲ್ಲ, ಎಲ್ಲರೂ ನಕ್ಕರು."

ಅವನು ಏಡಿಯ ಕಾಲೊಂದನ್ನು ಬಹಳ ಹೊತ್ತು ಪರೀಕ್ಷಿಸಿದ. ಅವನ ಕಿವಿಗಳು ಮೊದಲು ಕೆಂಪಾದವು, ಆಮೇಲೆ ಕೊರಳು. ಅವಳು ಕಾದಳು. ನಿಜವಾಗಿಯೂ ಕಾದಳು. ಈಗ ಹೇಳಿಬಿಟ್ಟರೆ, ಈ ಒಂದು ಕ್ಷಣ ಬಾಯಿಬಿಟ್ಟರೆ, ಪೆಟ್ಟಿಗೆಯನ್ನು ಕಪಾಟಿನಿಂದ ತಾನೇ ಇಳಿಸುತ್ತೇನೆ ಎಂದು ಮನಸ್ಸಿನಲ್ಲೇ ಹರಕೆ ಹೊತ್ತಳು.

"ಯಾವುದೋ ಹಳೇದು," ಎಂದ. "ನೆನಪಿಲ್ಲ."

"ಹೌದಾ. ಮೊಳಕೆಕಾಳು ನೆನಪಿರುತ್ತೆ, ಕಲ್ಲು ನೆನಪಿರಲ್ಲ."

ಅವನು ತಲೆ ಎತ್ತಲಿಲ್ಲ. ಅವಳು ನೂಡಲ್ಸನ್ನು ಪೂರ್ತಿ ಖಾಲಿ ಮಾಡಿದಳು. ಒಂದೊಂದು ಎಳೆಯೂ ರುಚಿಯಾಗಿತ್ತು.

ಮಧ್ಯಾಹ್ನದ ವ್ಯಾನ್ ಅವತ್ತು ತಡವಾಗಿ, ನಾಲ್ಕರ ಹೊತ್ತಿಗೆ ಬಂತು. ಡ್ರೈವರ್ ಸೋಂಪೊಂಗ್ ಮಾವ ಮೇಲೆ ಬಂದು ಪೆಟ್ಟಿಗೆಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು, ಸ್ಕ್ಯಾನ್ ಮಾಡುವ ಮೆಷಿನ್ನನ್ನು ಕುಯ್ ಕುಯ್ ಎನ್ನಿಸಿ, ಇಳಿದು ಹೋದ. ಕಿಟಕಿಯಲ್ಲಿ ನಿಂತು ಪಕಿನ್ ಕೈಮುಗಿದ, ಮಗಳನ್ನು ಕಳಿಸಿದವನ ಹಾಗೆಯೇ. ವ್ಯಾನ್ ಚರ್ಚಿನ ಕಡೆಯ ತಿರುವಿನಲ್ಲಿ ಮರೆಯಾಯಿತು.

ಆಗ ಒರತೈ ಹೇಳಿದಳು.

"ಖುನ್ ಪಕಿನ್, ಆ ಪೆಟ್ಟಿಗೆಗೆ ಇನ್ಶೂರೆನ್ಸ್ ಇಲ್ಲ."

"ಏನು?"

"ಒಳಗೆ ಏನಿದೆ, ಯಾವಾಗ ಹೊರಡುತ್ತೆ ಅಂತ ಕಳಿಸೋನೇ ಊರಿಗೆ ಡಂಗುರ ಹೊಡೆದರೆ ಇನ್ಶೂರೆನ್ಸ್ ಬಿದ್ದುಹೋಗುತ್ತೆ. ಬೆಳಿಗ್ಗೆನೇ ಹೋಯ್ತು, ನಿಮ್ಮ ಬಾಯಿಂದಲೇ. ಈಗ ಅದು ಬರೀ ಪೆಟ್ಟಿಗೆ. ದಾರೀಲಿ ಯಾರಾದ್ರೂ ಎತ್ತಿಕೊಂಡರೆ ದುಡ್ಡು ತುಂಬಿಕೊಡೋರು ಯಾರೂ ಇಲ್ಲ."

ಅವನ ಮುಖದ ರಕ್ತವೆಲ್ಲ ಇಳಿಯಿತು. ಈ ಮುಖವನ್ನು ಅವಳು ಎಷ್ಟೋ ರಾತ್ರಿ ಕಲ್ಪಿಸಿಕೊಂಡಿದ್ದಳು. ಕಲ್ಪನೆಯಲ್ಲಿ ಇದಕ್ಕಿಂತ ಚೆನ್ನಾಗಿತ್ತು.

"ನಿಂಗೆ ಗೊತ್ತಿತ್ತಾ?" ಎಂದ. "ಲೈವ್ ಮಾಡುವಾಗ ನಿಂಗೆ ಗೊತ್ತಿತ್ತಾ?"

"ನಂಗೆ ಗೊತ್ತಿಲ್ಲ," ಎಂದಳು ಒರತೈ.

ಅವನು ಬೆಚ್ಚಿ ಅವಳನ್ನು ನೋಡಿದ. ಆಮೇಲೆ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡ. ಕೂಗಾಡುತ್ತಾನೆ ಎಂದುಕೊಂಡಿದ್ದಳು. ಅದಕ್ಕೆ ಉತ್ತರಗಳನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದಳು, ಒಂದಕ್ಕಿಂತ ಒಂದು ಚೂಪಾದವು.

"ಸರಿ," ಎಂದ ಅವನು. "ಸರಿಯಾಗೇ ಇದೆ." ಎಂದವನೇ ಮೆಟ್ಟಿಲಿಳಿದು ಹೋದ. ಎಡಗಾಲು ಎಳೆಯುವ ಸದ್ದು ಕೆಳಗಿನವರೆಗೂ ಕೇಳಿಸಿತು.

ಒರತೈ ಕುರ್ಚಿಯಲ್ಲಿ ಕೂತಳು. ಗೆದ್ದಿದ್ದಳು. ಫ್ಯಾನು ತಿರುಗುತ್ತಿತ್ತು.

"ಆಯ್ತಾ?" ಎಂದಳು ಬುನ್ಮಾ ಅಕ್ಕ ಬಾಗಿಲಲ್ಲಿ ನಿಂತು. "ಹೊಟ್ಟೆ ತಣ್ಣಗಾಯ್ತಾ?"

"ನೀನು ಸುಮ್ಮನಿರಕ್ಕ. ಅವನು ನಂಗೆ ಏನು ಮಾಡಿದ ಅಂತ ಗೊತ್ತಲ್ಲ."

"ಗೊತ್ತು. ಆವತ್ತು ಇವಳು ಸೀಲು ಒಡೆಯೋಳಲ್ಲ, ನಂಬಿ ಕೊಟ್ಟಿದ್ದಕ್ಕೆ ದ್ರೋಹ ಮಾಡೋಳಲ್ಲ ಅಂತ ಈ ಬೀದೀಲಿ ಪ್ರತಿಯೊಬ್ಬರ ಹತ್ರ ಜಗಳ ಆಡಿದೋಳು ನಾನು. ಮೀನಂಗಡಿಯವಳ ಜೊತೆ ಜುಟ್ಟು ಹಿಡಿದು ಆಡಿದೆ." ಅವಳು ಹತ್ತಿಯ ಚೂರುಗಳನ್ನು ಮಡಿಲಿಂದ ಒಂದೊಂದಾಗಿ ತೆಗೆದಳು. "ಆವತ್ತು ನೀನು ಮಾಡಿರಲಿಲ್ಲ. ಇವತ್ತು ಮಾಡಿದೆ. ನಾಳೆ ಯಾರಾದ್ರೂ ಕೇಳಿದ್ರೆ ನಾನು ಏನಂತ ಜಗಳ ಆಡ್ಲಿ, ಹೇಳು."

ಒರತೈ ಕಪಾಟಿನ ಖಾಲಿ ಜಾಗ ನೋಡಿದಳು.

ಸ್ಕೂಟರಿನ ಕೀ ಎತ್ತಿಕೊಂಡು ಓಡಿದಳು.

*

ಪಕಿನ್ ಇನ್ನೂ ಬೀದಿಯ ಕೊನೆಯನ್ನು ಮುಟ್ಟಿರಲಿಲ್ಲ.

"ಹತ್ತು," ಎಂದಳು.

"ಎಲ್ಲಿಗೆ?"

"ಪ್ರಶ್ನೆ ಆಮೇಲೆ. ಸೋಂಪೊಂಗ್ ಮಾವ ಸೇತುವೆ ದಾಟಿದ ಮೇಲೆ ಪೆಟ್ರೋಲ್ ಬಂಕ್ ಹತ್ರ ಸೂಪು ಕುಡಿಯೋಕೆ ನಿಲ್ಲಿಸ್ತಾರೆ. ಅಲ್ಲಿಂದಾಚೆ ಹೋದರೆ ಸೀದಾ ಬ್ಯಾಂಕಾಕ್. ಹತ್ತು, ಹಿಡ್ಕೋ."

"ಎಲ್ಲಿ ಹಿಡ್ಕೊಳ್ಳಲಿ?"

"ಹಿಂದೆ ಕಂಬಿ ಇದೆಯಲ್ಲ, ಅದನ್ನ. ನನ್ನನ್ನಲ್ಲ."

ದುರಿಯನ್ ಹಣ್ಣಿನ ಕಾಲ. ರಸ್ತೆಯ ತುಂಬ ಹಣ್ಣಿನ ಲಾರಿಗಳು, ಮುಳ್ಳುಗುಡ್ಡಗಳನ್ನು ಹೊತ್ತು ತೆವಳುತ್ತಿದ್ದವು. ಒರತೈ ಅವುಗಳ ನಡುವೆ ಸಂದು ಹುಡುಕಿ ನುಗ್ಗಿಸಿದಳು. ಹಿಂದಿನಿಂದ ಅವನ ಉಸಿರು ಕೇಳುತ್ತಿತ್ತು. ಮುಖ ಕಾಣದ್ದರಿಂದ ಮಾತು ಸುಲಭವಾಯಿತು.

"ಆವತ್ತು ಎಷ್ಟು ಹೊತ್ತಾಗಿತ್ತು?" ಎಂದು ಕಿರುಚಿದಳು ಗಾಳಿಯೊಳಗೆ.

"ನಾಲ್ಕು ದಾಟಿತ್ತು," ಎಂದು ಅವನೂ ಕಿರುಚಿದ. "ಕಿಟಕಿಯಿಂದ ಬಿಸಿಲು ಬಂದು ನಿನ್ನ ಕೆನ್ನೆ ಮೇಲೆ ಬಿದ್ದಿತ್ತು. ಕಲ್ಲು ಚಿಮಟದಲ್ಲಿತ್ತು. ನಾನು ಕಲ್ಲು ನೋಡಲಿಲ್ಲ, ತೈ."

"ಇದನ್ನ ಪ್ರೀತಿ ಅಂತ ಮಾತ್ರ ಹೇಳಬೇಡ. ಇಲ್ಲೇ ಇಳಿಸಿಬಿಡ್ತೀನಿ, ಲಾರಿ ಕೆಳಗೆ."

"ಹೇಳ್ತಿಲ್ಲ."

"ಹೇಡಿತನ ಅದು."

"ಹೌದು."

"ಎಲ್ಲಾದಕ್ಕೂ ಹೌದು ಅನ್ನಬೇಡ, ನಂಗೆ ಇನ್ನೂ ಸಿಟ್ಟು ಬರುತ್ತೆ."

"ಅಮ್ಮ ಎಲ್ಲರೆದುರು ಬೇರೆ ಕಲ್ಲು ಅಂದುಬಿಟ್ರು. ಕಲ್ಲು ಅದೇ, ಕಣ್ಣು ಕೆಟ್ಟಿದ್ದು ನಂದು ಅಂತ ಹೇಳಬೇಕಿತ್ತು. ಮೂರು ತಲೆಮಾರು ಕಲ್ಲು ನೋಡಿದ ಮನೆ ಮಗ ಹೊತ್ತು ನೋಡದೆ ಬೆಲೆ ಕಟ್ಟಿದ ಅಂತ ಬೀದಿಯೆಲ್ಲ ನಗುತ್ತೆ ಅನ್ನಿಸ್ತು. ಒಂದು ಕ್ಷಣ ಅಷ್ಟೇ. ಆ ಕ್ಷಣ ಹೋಯ್ತು, ಆಮೇಲೆ ದಾರಿ ಸಿಗಲಿಲ್ಲ."

"ನಿನ್ನ ನೋಡಿ ನಗೋ ಬದಲು ಬೀದಿ ನನ್ನ ಮೇಲೆ ಉಗೀತು. ಮಧ್ಯಾಹ್ನ ಕೇಳಿದೆನಲ್ಲ, ಆಗ ಸಿಗಲಿಲ್ವಾ ದಾರಿ?"

ಲಾರಿಯೊಂದು ಹಾರ್ನ್ ಹೊಡೆದು ಇಬ್ಬರ ಪರವಾಗಿಯೂ ಬೈದು ಹೋಯಿತು.

ಬಂಕಿನ ಪಕ್ಕದ ಶೆಡ್ಡಿನಲ್ಲಿ ಸೋಂಪೊಂಗ್ ಮಾವ ಸೂಪಿನ ಬಟ್ಟಲು ಎತ್ತಿ ಕುಡಿಯುತ್ತಿದ್ದ.

"ಪೆಟ್ಟಿಗೆ ವಾಪಸ್ ಬೇಕು ಮಾವ. ಬೆಲ್ಜಿಯಂದು."

"ಏನಮ್ಮ, ಮದುವೆ ನಿಂತುಹೋಯ್ತಾ? ನಮ್ಮ ಮನೆಯವಳು ಬೆಳಿಗ್ಗೆ ಲೈವ್ ನೋಡಿ ಕಣ್ಣೀರು ಹಾಕಿದ್ಲು. ಆ ಕಲ್ಲು ನಿಮ್ಮ ವ್ಯಾನಲ್ಲೇ ಹೋಗುತ್ತಂತಲ್ರೀ ಅಂದ್ಲು."

ಒರತೈ ಪಕಿನ್‌ನ ಕಡೆ ತಿರುಗಿ ನೋಡಿದಳು. ಅವನು ವ್ಯಾನಿನ ಬೀಗ ನೋಡುತ್ತಿದ್ದ.

ಕಳಿಸಿದವಳು ಅವಳೇ ಆದ್ದರಿಂದ ಹಿಂದಕ್ಕೆ ಪಡೆಯುವ ಹಕ್ಕೂ ಅವಳದೇ. ರುಜು ಹಾಕಿ ಪೆಟ್ಟಿಗೆ ತೆಗೆದುಕೊಂಡಳು. ವ್ಯಾನ್ ಹೊರಟು ಹೋಯಿತು. ಅವಳು ಪೆಟ್ಟಿಗೆಯನ್ನು ಪಕಿನ್‌ನ ಎದೆಗೆ ಒತ್ತಿದಳು.

"ತಗೋ. ನನ್ನ ಕೈ ಶುದ್ಧವಾಯ್ತು. ಅದಕ್ಕೇ ಬಂದಿದ್ದು, ನಿನಗೋಸ್ಕರ ಅಲ್ಲ. ಇನ್ನೊಂದು ಸಲ ನನ್ನ ಮೆಟ್ಟಿಲು ಹತ್ತಬೇಡ."

ಅವನು ಪೆಟ್ಟಿಗೆಯನ್ನು ಸ್ಕೂಟರಿನ ಸೀಟಿನ ಮೇಲಿಟ್ಟ. ಜೇಬಿನಿಂದ ಫೋನು ತೆಗೆದ. ಬಂಕಿನ 'ಗಾಳಿ ಉಚಿತ' ಫಲಕಕ್ಕೆ ಅದನ್ನು ಒರಗಿಸಿದ.

"ಏನ್ ಮಾಡ್ತಿದೀಯಾ?"

"ಸಂಜೆ ಲೈವ್."

ಬಿಸಿಲು ಅರಿಶಿನದ ಬಣ್ಣಕ್ಕೆ ತಿರುಗಿತ್ತು. ಈ ಸಲ ಅವನು ಕಾಲರ್ ಸರಿಮಾಡಿಕೊಳ್ಳಲಿಲ್ಲ. ದನಿಯಲ್ಲಿ ಜೇನಿರಲಿಲ್ಲ.

"ಬೆಳಿಗ್ಗೆ ತೋರಿಸಿದ ಕಲ್ಲು ಇವತ್ತು ಹೊರಡ್ತಿಲ್ಲ. ಯಾವಾಗ ಹೊರಡುತ್ತೆ ಅಂತ ಇನ್ನು ಯಾರಿಗೂ ಹೇಳಲ್ಲ. ಇನ್ನೊಂದು ವಿಷಯ ಹೇಳ್ಬೇಕು. ಸಂಜೆ ನೋಡಿ ಒಂದು ಕಲ್ಲಿಗೆ ಬೆಲೆ ಕಟ್ಟಿದ್ದೆ ಅಂದೆನಲ್ಲ, ನೀವೆಲ್ಲ ನಕ್ಕಿರಿ. ಆ ಕಲ್ಲು ತಂದಿದ್ದೋಳು ಒರತೈ. ಸೀಲು ನಂದೇ, ಟೇಪು ನಂದೇ, ಯಾರೂ ಮುಟ್ಟಿರಲಿಲ್ಲ. ಬೆಳಿಗ್ಗೆ ಬಂದಿದ್ದೂ ಅದೇ ಕಲ್ಲು. ತಪ್ಪಾಗಿ ನೋಡಿದ್ದು ನಾನು. ಹಿರಿಯರು ಕೇಳಿದಾಗ ಗೊತ್ತಿಲ್ಲ ಅಂದೆ. ಗೊತ್ತಿತ್ತು. ಆವತ್ತಿಂದ ಅವಳ ಕೈಗೆ ಈ ಬೀದೀಲಿ ಯಾರೂ ಕಲ್ಲು ಕೊಟ್ಟಿಲ್ಲ. ಅವಳು ಕಳ್ಳಿ ಅಲ್ಲ. ನಾನು ಸುಳ್ಳ."

ಕಾಮೆಂಟುಗಳು ಮೊದಲು ನಿಂತವು, ಆಮೇಲೆ ಒಮ್ಮೆಲೇ ನುಗ್ಗಿದವು. ಹೊತ್ತು ನೋಡದವನ ಹತ್ತಿರ ಕಲ್ಲು ಯಾರು ಕೊಳ್ಳುತ್ತಾರೆ ಎಂದರು. ನಾನು ಕೊಂಡದ್ದನ್ನು ವಾಪಸ್ ತಗೊಳ್ಳಿ ಎಂದರು. ಬೆಲ್ಜಿಯಮ್ಮಿನವರು ಒಂದೇ ಸಾಲು ಬರೆದರು, ತಮಗೆ ಈ ಕಲ್ಲು ಬೇಡವೆಂದು. ಅವನು ಓದಿ, ತಲೆಯಾಡಿಸಿ, ಆ ಸಾಲಿಗೂ ಕೈಮುಗಿದ. ಅಪ್ಪನ ಕಲ್ಲಿನ ವ್ಯಾಪಾರ, ಉಳಿಯಬೇಕಾಗಿದ್ದ ಅಂಗಡಿ, ಎರಡೂ ಪೆಟ್ರೋಲ್ ವಾಸನೆಯ ಗಾಳಿಯಲ್ಲಿ ಹೋದವು. ಫೋನನ್ನು ಮಾತ್ರ ಅವನು ಮುಚ್ಚಲಿಲ್ಲ.

ಒರತೈ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಮೂರು ವರ್ಷ ಬಯಸಿದ್ದು ಇದನ್ನೇ. ಆದರೂ ಸೀಟಿನ ಮೇಲಿನ ಪೆಟ್ಟಿಗೆ ಜಾರದಂತೆ ಕೈಯಿಟ್ಟು ಹಿಡಿದುಕೊಂಡಳು.

ಆಗ ಪರದೆಯ ಮೇಲೆ ಅವನ ಅಮ್ಮನ ಹೆಸರು ಬಂತು. ಮೊದಲು: 'ಮನೆಗೆ ಬಾ.' ಸ್ವಲ್ಪ ಹೊತ್ತಾದ ಮೇಲೆ: 'ಅವಳನ್ನೂ ಕರ್ಕೊಂಡು ಬಾ. ಮಾತಾಡ್ಬೇಕು.'

ಒರತೈ ಬಗ್ಗಿ, ಅವನ ಭುಜದ ಪಕ್ಕ ಮುಖ ತಂದಳು. ಬೆಳಿಗ್ಗೆ ಬರೀ ಕೈ ನೋಡಿದ್ದವರೆಲ್ಲ ಈಗ ಮುಖ ನೋಡಿದರು.

"ನಾನು ಬರಲ್ಲಮ್ಮ," ಎಂದಳು. "ನನ್ನನ್ನ ಬೀದೀಲಿ ನಿಲ್ಲಿಸಿ ಮಾತಾಡಿದ್ರಿ. ನೀವೇ ಬೀದಿಗೆ ಬನ್ನಿ. ಹಲ್ಲಿನ ಡಾಕ್ಟರ ಮೇಲಿನ ಮಹಡಿ. ಶನಿವಾರ ಬನ್ನಿ, ಸಂತೆ ತುಂಬಿರುವಾಗ."

ಫೋನನ್ನು ಅವಳೇ ಮುಚ್ಚಿದಳು.

ಬಂಕಿನಲ್ಲಿ ದೀಪಗಳು ಒಂದೊಂದಾಗಿ ಹತ್ತಿಕೊಂಡವು.

"ಬರ್ತಾರೆ ಅಂತೀಯಾ?" ಎಂದಳು.

"ಬರ್ತಾರೆ. ಬಂದು ಮೊದಲು ನನ್ನ ಕಿವಿ ಹಿಂಡ್ತಾರೆ. ಅಂಗಡಿ ಮಾತ್ರ ಮುಚ್ಚುತ್ತೆ." ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ನಾನು ಬಸ್ಸಲ್ಲಿ ಹೋಗ್ತೀನಿ. ನೀನು ಹೊರಡು."

"ಇಷ್ಟು ಬೆಲೆಯ ಕಲ್ಲು ಇಟ್ಕೊಂಡು ಬಸ್ಸಲ್ಲಿ? ಈಗಷ್ಟೇ ಇಡೀ ಊರಿಗೆ ಮುಖ ತೋರಿಸಿದೀಯಾ. ಬುದ್ಧಿ ಯಾವಾಗ ಬರುತ್ತೆ ನಿಂಗೆ?"

"ಮತ್ತೆ?"

ಅವಳು ಕೀಯನ್ನು ಅವನ ಕೈಗೆ ಹಾಕಿದಳು. "ನೀನು ಓಡಿಸು. ನನ್ನ ಕೈ ನಡುಗ್ತಿದೆ."

ಪೆಟ್ಟಿಗೆಯನ್ನು ಮುಂದೆ ಅವನ ಕಾಲುಗಳ ನಡುವೆ ಇಟ್ಟರು. ಅವಳು ಹಿಂದೆ ಕೂತಳು. ಕಂಬಿ ಅಲ್ಲೇ ಇತ್ತು, ಹಿಡಿಯಲಿಲ್ಲ. ಅವನ ಅಂಗಿಯ ಬೆನ್ನನ್ನು ಮುಷ್ಟಿಯಲ್ಲಿ ಹಿಡಿದಳು, ಕಳ್ಳನನ್ನು ಹಿಡಿದ ಹಾಗೆ.

"ಕ್ಷಮಿಸಿದೀನಿ ಅಂತ ಅಲ್ಲ," ಎಂದಳು.

"ಗೊತ್ತು."

"ಇನ್ನೂ ಸಿಟ್ಟಿದೆ."

"ಗೊತ್ತು, ತೈ."

ಈ ಸಲ ಅವಳು ಹೆಸರನ್ನು ತಿದ್ದಲಿಲ್ಲ. ಸೇತುವೆ ಹತ್ತುವಾಗ ಅವನು ವೇಗ ಹೆಚ್ಚಿಸಿದ. ಅವಳು ಅಂಗಿಯನ್ನು ಹಿಂದಕ್ಕೆ ಎಳೆದಳು.

"ಏನು ಅವಸರ? ನಿಧಾನ ಹೋಗು," ಎಂದಳು ಅವನ ಕಿವಿಯ ಹತ್ತಿರ. "ನಿನ್ನ ಬೈಯೋದು ಇನ್ನೂ ತುಂಬಾ ಇದೆ."